ಅಡುಗೆಮನೆಯೊಳಗೆ ಒಂದು ಗೇಣು ಬಾಲ

ಅಮ್ಮನ ಬಾಯಲ್ಲಿ ತುತ್ತಿರುವ ಹೊತ್ತು ನೋಡಿಯೇ ಅಪ್ಪ ಕಷ್ಟದ ಮಾತುಗಳನ್ನು ತೆಗೆಯುತ್ತಿದ್ದ. ಅವಳು ಅಗಿದು ನುಂಗುವಷ್ಟರಲ್ಲಿ ಅರ್ಧ ಮಾತು ಮುಗಿದುಹೋಗಿರುತ್ತದೆ ಎಂಬುದು ಅವನ ಲೆಕ್ಕಾಚಾರ. ಆವತ್ತಿನ ಊಟದಲ್ಲೂ ಹಾಗೆಯೇ ಆಯಿತು.

"ಟೈರ್ ಅಂಗಡಿಯವರು ಶೆಡ್ ಖಾಲಿ ಮಾಡಿ ಅಂದ್ರು. ಹೊಸ ಮಷೀನ್ ಬರ್ತಿದೆಯಂತೆ. ಅದಕ್ಕೇ ವಿಮಾನಾನ ಮನೆಗೇ ತಂದ್ಬಿಡೋಣ ಅಂತ. ನಮ್ಮ ಗ್ಯಾರೇಜಿಗೆ. ಮೂರೇ ಮೂರು ವಾರ."

ಅಮ್ಮ ನುಂಗಿದಳು. ನೀರು ಕುಡಿದಳು. ಲೋಟ ಕೆಳಗಿಟ್ಟಳು.

"ನಮ್ಮ ಗ್ಯಾರೇಜು ಅಂದ್ರೆ ಯಾವ್ದು?"

"ಇದೇನ್ ಹೀಗ್ ಕೇಳ್ತೀಯ? ನಮಗೆ ಎಷ್ಟು ಗ್ಯಾರೇಜಿದೆ?"

"ನಂಗೆ ಗೊತ್ತಿರೋದು ನನ್ನ ಹೊಲಿಗೆ ಕೋಣೆ ಒಂದೇ. ಅದಕ್ಕೆ ಬಾಗಿಲಿನ ಬದಲು ಶಟರ್ ಇದೆ, ಅಷ್ಟೇ."

ಅಮ್ಮ ಹೇಳಿದ್ದು ನಿಜ. ನಮ್ಮ ಮನೆಗೆ ಕಾರು ಯಾವತ್ತೂ ಬಂದಿರಲಿಲ್ಲ. ಮನೆಯ ಪಕ್ಕಕ್ಕೆ ಅಂಟಿಕೊಂಡಿದ್ದ ಗ್ಯಾರೇಜಿನಲ್ಲಿ ಅಮ್ಮನ ಎರಡು ಹೊಲಿಗೆ ಮಷೀನು, ಇಸ್ತ್ರಿಗೆ ಒಂದು ಹಲಗೆ, ಮತ್ತು ಬಟ್ಟೆ ಹಾಸಿ ಕತ್ತರಿಸುವ ದೊಡ್ಡ ಟೇಬಲ್ ಇದ್ದವು. ಆಳೊಬ್ಬ ಕೈಕಾಲು ಚಾಚಿ ಮಲಗಬಹುದಾದಂಥ ಟೇಬಲ್. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಆ ಟೇಬಲಿನ ಒಂದು ತುದಿಯಲ್ಲಿ ಕೂತು ಅಂಚು ಮಡಚಿ ಹೊಲಿಯುತ್ತಿದ್ದೆ. ಮಾತಾಡುವ ಅಗತ್ಯವೇ ಇಲ್ಲದ ಕೆಲಸವಾದ್ದರಿಂದ ನನಗೆ ಅದು ಹಿತವಾಗಿತ್ತು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಬೇರೆಯವರ ಕಟ್ಟಡಗಳಲ್ಲಿ ಲಿಫ್ಟುಗಳನ್ನು ಹತ್ತಿಸಿ ಇಳಿಸಿ, ಸಂಜೆ ಟೈರ್ ಅಂಗಡಿಯ ಹಿಂದಿನ ಶೆಡ್ಡಿಗೆ ಹೋಗಿ ಒಬ್ಬನೇ ಕೂರುವಷ್ಟು ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದ. ಅಲ್ಯುಮಿನಿಯಂ ಕೊಳವೆಗಳ ಮೈ, ಬಟ್ಟೆ ಬಿಗಿದ ರೆಕ್ಕೆ, ಸೀಟಿನ ಬೆನ್ನಿಗೆ ಎಂಜಿನ್ನು. ಅದು ಗುಡುಗುವುದನ್ನು ನಾವು ಕೇಳಿದ್ದೆವು. ನೆಲ ಬಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಇಂಥ ಚಿಕ್ಕ ವಿಮಾನಗಳಿಗೆಂದೇ ಊರ ಹೊರಗೊಂದು ಹಾರಾಟದ ಮೈದಾನವಿತ್ತು. ಅಲ್ಲಿಯ ಶೆಡ್ಡಿನಲ್ಲಿ ಜಾಗ ಖಾಲಿಯಾಗುವವರೆಗೆ ಅಪ್ಪ ಕಾಯಬೇಕಿತ್ತು.

"ಮೂರು ವಾರ ಅಂತ ಹೇಳೇ ಅವನು ಅದನ್ನ ಶುರು ಮಾಡಿದ್ದು," ಎಂದಳು ಅಜ್ಜಿ. ಅವಳು ಅಪ್ಪನ ತಾಯಿ. ಆದರೆ ಜಗಳದಲ್ಲಿ ಯಾರ ಪರ ಎಂಬುದು ಮಾತು ಮುಗಿಯುವವರೆಗೂ ಗೊತ್ತಾಗುತ್ತಿರಲಿಲ್ಲ. "ಆಗ ಇವಳು ಹೈಸ್ಕೂಲು. ಈಗ ನೋಡು, ಡಿಗ್ರಿ ಮುಗ್ಸಿ ಕೂತಿದಾಳೆ."

"ಅಮ್ಮಾ, ನೀನು ನನ್ನ ಪರ ಇರ್ಬೇಕು."

"ನಾನು ಪಲ್ಯದ ಪರ. ಇನ್ನೊಂಚೂರು ಹಾಕು."

ಅಮ್ಮ ಅಜ್ಜಿಗೆ ಪಲ್ಯ ಬಡಿಸುತ್ತಲೇ ಅಪ್ಪನಿಗೆ ಹೇಳಿದಳು. "ರೀ, ನಾನು ಜಗಳ ಮಾಡ್ತಿಲ್ಲ. ಲಾಡ್ಜಿನ ಪರದೆ ಒಪ್ಕೊಂಡಿದೀನಿ. ಎಲ್ಲ ರೂಮಿಂದೂ. ಇದು ಸರಿಹೋದ್ರೆ ಅವರ ಇನ್ನೊಂದು ಲಾಡ್ಜಿಂದೂ ನಂಗೇ ಕೊಡ್ತಾರೆ. ಇಷ್ಟು ದಿನ ಜಿಪ್ ಹಾಕೋದು, ಯೂನಿಫಾರಂ ಉದ್ದ ಬಿಡೋದು, ಇದೇ ಆಯ್ತು. ಮೊದಲನೇ ಸಲ ಯಾರೋ ನನ್ನ ನಂಬಿ ದೊಡ್ಡ ಕೆಲಸ ಕೊಟ್ಟಿದಾರೆ. ಟೇಬಲ್ ಇಲ್ದೆ ಪರದೆ ಎಲ್ಲಿ ಹಾಸ್ಲಿ? ನಿಮ್ಮ ಬೆನ್ಮೇಲಾ?"

"ಟೇಬಲ್ ಯಾರು ತೆಗೀತಾರೆ? ವಿಮಾನ ಒಂದು ಕಡೆ, ಟೇಬಲ್ ಒಂದು ಕಡೆ. ನಾನು ಅಳತೆ ಮಾಡಿ ತೋರಿಸ್ತೀನಿ ಕಣೇ. ಅಳತೆ ನನ್ನ ಕಸುಬು."

ಮರುದಿನ ಅಮ್ಮನೂ ನಾನೂ ಪರದೆಗೆ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಗ್ಯಾರೇಜಿನ ನೆಲದ ಮೇಲೆಲ್ಲ ಸೀಮೆಸುಣ್ಣದ ಗೆರೆಗಳಿದ್ದವು. ನಡುವೆ ಉದ್ದಕ್ಕೆ ವಿಮಾನ. ರೆಕ್ಕೆ ಎರಡೂ ಬಿಚ್ಚಿ ಗೋಡೆಗೆ. ಮೂಲೆಯಲ್ಲೊಂದು ಚೌಕದೊಳಗೆ "ಟೇಬಲ್" ಎಂದು ದುಂಡಗೆ ಬರೆದಿತ್ತು.

"ನೋಡು. ಶಟರ್ ಎಳೆದ್ರೂ ಮುಂದೆ ನಾಲ್ಕು ಬೆರಳು ಮಿಗತ್ತೆ," ಎಂದ ಅಪ್ಪ.

ಅಮ್ಮ ಗೆರೆಗಳ ಸುತ್ತ ಒಂದು ಸುತ್ತು ಬಂದು, ಆ ಚೌಕದೊಳಗೆ ನಿಂತು, ಕತ್ತರಿ ಹಿಡಿದವಳಂತೆ ಕೈ ಆಡಿಸಿ ನೋಡಿದಳು. "ಇಕ್ಕಟ್ಟು. ಆದ್ರೆ ನಡ್ಯತ್ತೆ," ಎಂದಳು. ಅಪ್ಪ ಆವತ್ತು ಎರಡು ಸಲ ಚಹಾ ಮಾಡಿಕೊಟ್ಟ.

ಭಾನುವಾರ ಬೆಳಿಗ್ಗೆ ಮಾವ ಬಂದ. ಅಮ್ಮನ ತಮ್ಮ. ಮನೆ ಬದಲಾಯಿಸುವವರ ಬೀರು ಮಂಚ ಸಾಗಿಸುವುದು ಅವನ ವೃತ್ತಿ. ಪಿಕಪ್ಪಿಗೆ ಉದ್ದನೆಯ ಟ್ರೇಲರ್ ಕಟ್ಟಿಕೊಂಡೇ ಬಂದಿದ್ದ. ಗಟ್ಟಿಯಾಗಿ ಮಾತಾಡದ ನನಗೆ ಅವನು ಇಟ್ಟ ಹೆಸರು ಪಿಸುಮಾತು.

ಶೆಡ್ಡಿನಲ್ಲಿ ರೆಕ್ಕೆ ಬಿಚ್ಚುವುದಕ್ಕೇ ಬಿಸಿಲೇರಿತು. ಒಂದೊಂದು ಬೋಲ್ಟು ಬಂದಾಗಲೂ ಅಪ್ಪ ಅದನ್ನು ಒರೆಸಿ ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತಿದ್ದ. ಬಾಲದ ತುದಿಯ ಚುಕ್ಕಾಣಿ ಹಲಗೆಗಳನ್ನೂ ಬಿಚ್ಚಿದ ಮೇಲೆ ಮುಷ್ಟಿಗಾತ್ರದ ಉದ್ದನೆಯ ಕೊಳವೆ ಮಾತ್ರ ಹಿಂದಕ್ಕೆ ಚಾಚಿಕೊಂಡಿತು. ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ರೆಕ್ಕೆಗಳಿಗೆ ಸುತ್ತಲು ತಂದಿದ್ದೆವು. ಅಜ್ಜಿಯ ರಜಾಯಿಯೂ ಅದರಲ್ಲಿತ್ತು. ಅದನ್ನು ತರುವಾಗ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಲೋ, ಅದು ನಂದು."

"ರೆಕ್ಕೆಗೆ ಗೀರು ಬೀಳ್ಬಾರ್ದಮ್ಮ."

"ನಂಗೆ ಶೀತ ಆಗ್ಬಹುದು, ಅಲ್ವಾ?"

"ಬೆಳಗಾಗಿದೆ, ಎದ್ದಿದೀಯಲ್ಲ!"

ವಿಮಾನವನ್ನು ಟ್ರೇಲರಿಗೆ ಹತ್ತಿಸಿ ಚಕ್ರಗಳಿಗೆ ಮರದ ತುಂಡು ಕೊಟ್ಟು, ಹಗ್ಗ ಬಿಗಿದು, ಎರಡು ಬದಿಗೂ ರೆಕ್ಕೆಗಳನ್ನು ನಿಲ್ಲಿಸಿ ಕಟ್ಟಿದ ಮೇಲೆ ಅದು ವಿಮಾನದಂತೆ ಕಾಣಲೇ ಇಲ್ಲ. ಮಂಚ ಬೀರು ಎಲ್ಲ ಸೇರಿ ಮದುವೆಗೆ ಹೊರಟಂತಿತ್ತು. ಬಾಲ ಮಾತ್ರ ಟ್ರೇಲರಿನಾಚೆ ಸಾಕಷ್ಟು ಹೊರಗಿತ್ತು. ಮಾವ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದ.

"ಪಿಸುಮಾತೇ, ನೀನು ಹಿಂದೆ ನಡ್ಕೊಂಡು ಬರೋದು. ಬಾಲ ಎಲ್ಲಾದ್ರೂ ತಾಗೋ ಹಾಗಿದ್ರೆ ಕೂಗ್ಬೇಕು."

"ಶಿಳ್ಳೆ ಹಾಕಿದ್ರೆ ಸಾಲ್ದಾ ಮಾವ?"

"ಹಾಕು ನೋಡೋಣ."

ಹಾಕಲು ಬರಲಿಲ್ಲ. ಬರೀ ಗಾಳಿ ಬಂತು.

ನಡಿಗೆಯ ವೇಗದಲ್ಲೇ ಹೊರಟೆವು. ಅಪ್ಪ ಪಕ್ಕದಲ್ಲಿ ಒಂದು ಕೈಯನ್ನು ರೆಕ್ಕೆಯ ಮೇಲಿಟ್ಟುಕೊಂಡು, ಹುಷಾರಿಲ್ಲದ ಹಸುವನ್ನು ಆಸ್ಪತ್ರೆಗೆ ಕರೆದೊಯ್ಯುವವನಂತೆ ನಡೆಯುತ್ತಿದ್ದ. ರಸ್ತೆಯುಬ್ಬು ಬಂದಾಗಲೆಲ್ಲ "ನಿಧಾನ, ನಿಧಾನ, ನಿಧಾನ" ಎನ್ನುತ್ತಿದ್ದ. ಜನ ಬಾಗಿಲಿಗೆ ಬಂದು ನಿಂತರು.

"ಏನ್ರೀ ಅದು, ಸಿನಿಮಾ ಸಾಮಾನಾ?"

"ವಿಮಾನ!"

"ಯಾವಾಗ ಬಿತ್ತು?"

"ಬಿದ್ದಿಲ್ಲ ಕಣ್ರೀ, ಇನ್ನೂ ಹಾರೇ ಇಲ್ಲ!"

"ಓ, ಹಾಗಾದ್ರೆ ಬೀಳೋದು ಬಾಕಿ!"

ಮಾವ ಪಿಕಪ್ಪಿನ ಕಿಟಕಿಯಿಂದ ತಲೆ ಹಾಕಿ ನಕ್ಕ. ಅಪ್ಪ ನಗಲಿಲ್ಲ.

ಬೇಕರಿಯ ಹತ್ತಿರ ಬಲಕ್ಕೆ ತಿರುಗಬೇಕಿತ್ತು. ಪಿಕಪ್ಪು ಬಲಕ್ಕೆ ಹೊರಳಿದಂತೆ ಉದ್ದನೆಯ ಬಾಲ ಎಡಕ್ಕೆ ಬೀಸತೊಡಗಿತು. ಬೇಕರಿಯ ಗಾಜಿನ ಕಪಾಟು ಫುಟ್‌ಪಾತಿನ ಅಂಚಿಗೇ ಇತ್ತು. "ಮಾವ," ಎಂದೆ. ನನಗೇ ಕೇಳಿಸಲಿಲ್ಲ. ಕೆಂಪು ಬಟ್ಟೆ ಗಾಜಿನತ್ತ ತೇಲುತ್ತ ಹೋಗುತ್ತಿತ್ತು. ಒಳಗಿದ್ದವನು ಕೈಯಲ್ಲಿ ಬ್ರೆಡ್ ಹಿಡಿದು ಹಾಗೇ ನಿಂತಿದ್ದ.

"ನಿಲ್ಲೀ!"

ಮಾವ ನಿಂತ. ಹಿಂದಿನ ಬಸ್ಸು ನಿಂತಿತು. ಎದುರಿನ ಸೈಕಲ್ಲಿನವನು ಎರಡೂ ಕಾಲು ಕೆಳಗಿಟ್ಟ. ಅಪ್ಪ ಕೈಯನ್ನು ರೆಕ್ಕೆಯಿಂದ ತೆಗೆದು ಕಿವಿಯ ಮೇಲಿಟ್ಟುಕೊಂಡ. ಬಾಲಕ್ಕೂ ಗಾಜಿಗೂ ನಡುವೆ ಒಂದು ಬನ್ನು ಹಿಡಿಸುವಷ್ಟು ಜಾಗವಿತ್ತು.

"ಯಾರು ಕೂಗಿದ್ದು?" ಎಂದು ಮಾವ ಇಳಿದು ಬಂದ.

ನಾನು ಕೈ ಎತ್ತಿದೆ.

"ಸುಳ್ಳು," ಎಂದ ಮಾವ.

ಪಿಕಪ್ಪನ್ನು ಹಿಂದೆ ಮುಂದೆ ಮಾಡಿ ತಿರುವು ದಾಟಿಸಿದ ಮೇಲೆ ಬೇಕರಿಯವನು ನಮಗೆಲ್ಲ ಬಿಸಿ ಬನ್ನು ಕೊಟ್ಟ. ಗಾಜು ಉಳಿದ ಖುಷಿಗೋ, ನಾವು ಬೇಗ ತೊಲಗಲಿ ಅಂತಲೋ ತಿಳಿಯಲಿಲ್ಲ.

ನಮ್ಮ ಬೀದಿಗೆ ಬಂದಾಗ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಗೇಟಿನಲ್ಲಿದ್ದರು. ಅವರಿಗೆ ಬೀದಿಯಲ್ಲಿ ಏನೇ ನಡೆದರೂ ವಿಳಾಸ ಸಮೇತ ತಿಳಿಯಬೇಕು.

"ಇದನ್ನೆಲ್ಲಿ ಇಡ್ತೀರಿ? ಗ್ಯಾರೇಜಲ್ಲಿ ನಿಮ್ಮನೆಯವರ ಅಂಗಡಿ ಇದೆಯಲ್ಲ?"

"ಅಂಗಡಿ ಏನಿಲ್ಲ ಸಾರ್," ಎಂದ ಅಪ್ಪ ಹಗ್ಗ ಬಿಚ್ಚುತ್ತ. "ಬಿಡುವಿದ್ದಾಗ ಏನೋ ಒಂದಿಷ್ಟು ಹೊಲೀತಾಳೆ."

ಅಮ್ಮ ನಮ್ಮ ಗೇಟಿನ ಹತ್ತಿರ, ಕುತ್ತಿಗೆಗೆ ಟೇಪು ಹಾಕಿಕೊಂಡು, ಕೇಳಿಸುವಷ್ಟು ದೂರದಲ್ಲೇ ನಿಂತಿದ್ದಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಅಜ್ಜಿ ಎಲ್ಲಿದ್ದರೂ ತಿರುಗಿ ನೋಡುತ್ತಾಳೆ. ಈಗಲೂ ನೋಡಿದಳು.

ವಿಮಾನವನ್ನು ಹಿಂದುಹಿಂದಾಗಿ, ಬಾಲ ಮೊದಲಾಗಿ ಗ್ಯಾರೇಜಿಗೆ ತಳ್ಳಿದೆವು. ಅಪ್ಪ, ಮಾವ ಎರಡು ಬದಿಗೆ, ನಾನು ಮೂತಿಯ ಹತ್ತಿರ. ಬಾಲ ಹಿಂದಿನ ಗೋಡೆಗೆ ತಾಗಿ ಟಣ್ ಎಂದಿತು. ಅಪ್ಪ ಮಂದಹಾಸದಿಂದ ಹೊರಗೆ ಬಂದು ಶಟರ್ ಎಳೆದ. ಶಟರ್ ಅರ್ಧ ಇಳಿದು, ವಿಮಾನದ ಮೂತಿಯ ಮೇಲೆ ಕೂತು ನಿಂತಿತು.

"ಇನ್ನೂ ಸ್ವಲ್ಪ ತಳ್ಳಿ."

"ಗೋಡೆ ತಳ್ಬೇಕಾ ಭಾವ?" ಎಂದ ಮಾವ.

ಅಪ್ಪ ಶೆಡ್ಡಿನಿಂದ ತಂದ ತನ್ನ ಸ್ಟೀಲ್ ಟೇಪ್ ಬಿಚ್ಚಿ ಗ್ಯಾರೇಜು ಅಳೆದ. ಮತ್ತೆ ಅಳೆದ. ಮೂಲೆಯಿಂದ ಅಳೆದ. ಹಣೆ ಒರೆಸಿಕೊಂಡ. "ಗ್ಯಾರೇಜು ಗಿಡ್ಡ ಆಗಿದೆ," ಎಂದ.

ಅಮ್ಮ ಮೊದಲ ಸಲ ಬಾಯಿ ಬಿಟ್ಟಳು. "ಆವತ್ತು ಯಾವ ಟೇಪಲ್ಲಿ ಅಳೆದ್ರಿ?"

"ನಂದು ಶೆಡ್ಡಲ್ಲಿತ್ತು. ನಿನ್ನ ಮಷೀನ್ ಮೇಲಿತ್ತಲ್ಲ, ಇದೇ, ಇದರಲ್ಲಿ."

ಅಮ್ಮ ಕುತ್ತಿಗೆಯಿಂದ ಟೇಪು ತೆಗೆದು ಅದರ ತುದಿಯನ್ನು ಅಪ್ಪನ ಕಣ್ಣಿನ ಹತ್ತಿರ ಹಿಡಿದಳು. ಮೊದಲ ಎರಡು ಇಂಚು ಅದರಲ್ಲಿರಲಿಲ್ಲ. ಯಾವಾಗಲೋ ಇಸ್ತ್ರಿಪೆಟ್ಟಿಗೆಯಡಿ ಸಿಕ್ಕಿ ಸುಟ್ಟಿದ್ದನ್ನು ಅವಳು ಕತ್ತರಿಸಿ ಎಸೆದಿದ್ದಳು. ಅಂದಿನಿಂದ ಪ್ರತಿ ಅಳತೆಯಲ್ಲೂ ಎರಡು ಕಳೆದೇ ಓದುತ್ತಿದ್ದಳು. ನಾನೂ ಹಾಗೇ ಕಲಿತಿದ್ದೆ. ಅಪ್ಪ ಅದನ್ನು ಗ್ಯಾರೇಜಿನುದ್ದಕ್ಕೂ ಮತ್ತೆ ಮತ್ತೆ ಹಾಸಿ ಅಳೆದಿದ್ದ. ಹಾಸಿದಷ್ಟು ಸಲವೂ ಎರಡೆರಡು ಇಂಚು ಹೆಚ್ಚಿಗೆ ಸಿಕ್ಕಿತ್ತು. ಎಲ್ಲ ಸೇರಿ ಒಂದು ಗೇಣು.

ಅಮ್ಮ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ನಗು ನಿಲ್ಲಿಸಲು ಸೆರಗು ಬಾಯಿಗೆ ಹಿಡಿದಳು, ನಿಲ್ಲಲಿಲ್ಲ. ಮಾವ ಟ್ರೇಲರಿಗೆ ಒರಗಿದ. ಪೋಸ್ಟ್‌ಮಾಸ್ಟರ್ ಗೇಟು ದಾಟಿ ಹತ್ತಿರ ಬಂದರು.

"ಹೊಸ ಟೇಪ್ ತಗೊಳ್ಳೋಕೆ ಏನಾಗಿತ್ತು ನಿಂಗೆ?" ಎಂದ ಅಪ್ಪ.

"ಯಾಕ್ರೀ? ನನ್ನ ಟೇಪಿಗೇನಾಗಿದೆ? ನಾನು ಹೊಲಿದ ಬಟ್ಟೆ ಒಂದಾದ್ರೂ ಗಿಡ್ಡ ಆಗಿದೆಯಾ?"

"ಕೂದಲೆಳೆ ವ್ಯತ್ಯಾಸ ಆದ್ರೂ ಲಿಫ್ಟ್ ಬಾಗಿಲು ತೆಗೆಯಲ್ಲ ಅಂತ ನಮ್ಗೆ ಪಾಠ ಮಾಡ್ತಿದ್ದೆ," ಎಂದಳು ಅಜ್ಜಿ. "ಇದ್ಯಾವ ಪ್ರಾಣಿ ಕೂದ್ಲೋ?"

ಅಡ್ಡಡ್ಡ ಇಡಲು ನೋಡಿದೆವು. ಚಕ್ರ ತಾಗಿತು. ಶಟರ್ ತೆರೆದೇ ಬಿಡುವುದೆಂದರೆ ಬೀದಿನಾಯಿಗಳು ಮೊದಲ ದಿನವೇ ಸೀಟು ಹಂಚಿಕೊಳ್ಳುತ್ತವೆ ಎಂದ ಮಾವ. ಕೊನೆಗೆ ಅಪ್ಪ ಹಿಂದಿನ ಗೋಡೆಯ ಮುಂದೆ ನಿಂತು, ಬಾಲದ ತುದಿ ತಾಗಿದಲ್ಲಿ ಸೀಮೆಸುಣ್ಣದಿಂದ ದುಂಡಗೆ ಗುರುತು ಮಾಡಿದ. ಆ ಗೋಡೆಯಾಚೆ ಅಡುಗೆಮನೆ.

"ಒಂದೇ ಒಂದು ಇಟ್ಟಿಗೆ," ಎಂದ ಯಾರ ಮುಖವನ್ನೂ ನೋಡದೆ.

ಅಜ್ಜಿ ಒಳಗೆ ಈರುಳ್ಳಿ ಹೆಚ್ಚುತ್ತಿದ್ದಳು. ಉಳಿಯ ಸದ್ದಾಯಿತು, ಗಾರೆ ಉದುರಿತು, ಇಟ್ಟಿಗೆಯ ಜಾಗದಲ್ಲಿ ಬೆಳಕು ಬಂತು, ಆಮೇಲೆ ಅಕ್ಕಿ ಡಬ್ಬದ ಮೇಲ್ಗಡೆ ಹೊಳೆಯುವ ಕೊಳವೆಯೊಂದು ಮೆಲ್ಲಗೆ ಒಳಗೆ ಬಂದು ನಿಂತಿತು.

"ಬಂತಾ?" ಗೋಡೆಯಾಚೆಯಿಂದ ಅಪ್ಪನ ದನಿ.

"ಬಂತು ಕಣೋ. ಚಹಾ ಇಡ್ಲಾ ಇದಕ್ಕೆ?"

ಸಂಜೆಯೊಳಗೆ ಅಜ್ಜಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅದಕ್ಕೆ ನೇತುಹಾಕಿದ್ದಳು. ಬಹಳ ಅನುಕೂಲವಾಯಿತು ಎಂದಳು.

ಶಟರ್ ಇಳಿಯಿತು. ಆದರೆ ಸೀಮೆಸುಣ್ಣದ ಲೆಕ್ಕವೆಲ್ಲ ಕೆಟ್ಟಿದ್ದರಿಂದ ಮೂಲೆಯ ಚೌಕದಲ್ಲಿ ಟೇಬಲ್ ಹಿಡಿಸಲಿಲ್ಲ. ಅರ್ಧ ಜಾಗ ರೆಕ್ಕೆಯೇ ನುಂಗಿತ್ತು. ಟೇಬಲ್ ಅಂಗಳದಲ್ಲಿ ನಿಂತಿತ್ತು, ಅದರ ಮೇಲೆ ಮಷೀನುಗಳು, ಅವುಗಳ ಮೇಲೆ ಪರದೆ ಬಟ್ಟೆಯ ಸುರುಳಿಗಳು. ಅಪ್ಪ ಅದರ ಸುತ್ತ ಸುತ್ತಿದ.

"ಮೇಲೆ ತಾಡಪಾಲು ಹಾಕಿದ್ರೆ..." ಎಂದ.

ಅಮ್ಮ ಹೊರಡಲು ಸಿದ್ಧನಾಗಿದ್ದ ಮಾವನನ್ನು ಕರೆದಳು. "ಇನ್ನೊಂದು ಕೆಲಸ ಇದೆ ಬಾರೋ. ಟೇಬಲ್ ಎತ್ತು."

"ಎಲ್ಲಿಗಕ್ಕ?"

"ಹಾಲ್‌ಗೆ. ದೊಡ್ಡ ಕಿಟಕಿ ಮುಂದಕ್ಕೆ."

"ಹಾಲ್‌ಗಾ?" ಎಂದ ಅಪ್ಪ. "ಹಾಲ್‌ನಲ್ಲಿ ಏನು ಮಾಡ್ತೀಯ?"

"ಬಿಡುವಿದ್ದಾಗ ಏನೋ ಒಂದಿಷ್ಟು ಹೊಲೀತೀನಿ."

ಅಪ್ಪ ಪೋಸ್ಟ್‌ಮಾಸ್ಟರ್ ಮುಖ ನೋಡಿದ. ಅವರು ಆಕಾಶ ನೋಡಿದರು. ಅಪ್ಪ ಟೇಬಲಿನ ಇನ್ನೊಂದು ತುದಿ ಹಿಡಿದ.

ಅಲ್ಲಿಂದ ನಮ್ಮ ಮನೆ ತಿರುಗುಮುರುಗಾಯಿತು. ಸೋಫಾ ಗೋಡೆಗೆ ಒತ್ತಿ, ಅದರ ಮೇಲೆ ಲೈನಿಂಗ್ ಬಟ್ಟೆ ಏರಿತು. ಉದ್ದ ಸರಿಯಿದೆಯೇ ನೋಡಲು ಪರದೆಗಳನ್ನು ನೇತುಹಾಕಬೇಕಿತ್ತು, ಅವನ್ನು ಟಿವಿಯ ಮುಂದೆಯೇ ನೇತುಹಾಕಬೇಕಾಯಿತು. ಅಪ್ಪ ಎರಡು ಪರದೆಗಳ ಸಂದಿಯಿಂದ ವಾರ್ತೆ ನೋಡಿದ. ವಾರ್ತೆ ಓದುವವಳ ಒಂದೇ ಕಿವಿ ಕಾಣುತ್ತಿತ್ತು.

"ಅಯ್ಯಯ್ಯೋ!" ಎಂದು ಒಂದು ಸಂಜೆ ಸೋಫಾದಿಂದ ಚಿಮ್ಮಿ ಎದ್ದ.

"ಗುಂಡುಸೂಜಿನಾ?" ಎಂದಳು ಅಮ್ಮ ಮಷೀನ್ ನಿಲ್ಲಿಸದೆ. "ಅದನ್ನೇ ಆಗಿಂದ ಹುಡುಕ್ತಿದ್ದೆ. ಕೊಡಿ ಇಲ್ಲಿ."

"ಮನುಷ್ಯ ಕೆಲಸ ಮುಗಿಸಿ ಬಂದು ಒಂದು ಕಡೆ ಕೂರೋ ಹಾಗಿಲ್ವಲ್ಲ ಈ ಮನೇಲಿ!"

"ನಾನು ಎಷ್ಟು ವರ್ಷ ಆ ಶಟರ್ ಕೆಳಗೆ ಬಗ್ಗಿ ಬಗ್ಗಿ ಒಳಗೆ ಹೋಗಿದೀನಿ, ಬಂದಿದೀನಿ. ಬೇಸಿಗೇಲಿ ಬೆಂದಿದೀನಿ. ಮೂರು ವಾರ ತಾನೇ? ನೀವು ಸೂಜಿ ನೋಡ್ಕೊಂಡು ಕೂತ್ಕೊಳ್ಳಿ."

ಊಟವೂ ಅಡುಗೆಮನೆಗೆ ಹೋಯಿತು. ನಾವು ನಾಲ್ವರೂ ಸಾಲಾಗಿ ಗೋಡೆಗೊರಗಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಎದ್ದು ನಿಂತಾಗ ಅಪ್ಪನ ತಲೆಗೆ ಬಾಲ ಬಡಿಯುತ್ತಿತ್ತು. ಅದನ್ನು ಬಯ್ಯುವ ಹಾಗಿರಲಿಲ್ಲ.

ಅಮ್ಮ ಮಾತ್ರ ದಿನದಿಂದ ದಿನಕ್ಕೆ ಗೆಲುವಾದಳು. ಹಾಲ್‌ನ ದೊಡ್ಡ ಕಿಟಕಿಯ ಬೆಳಕು ಟೇಬಲಿನ ತುಂಬ ಬೀಳುತ್ತಿತ್ತು. ಎರಡನೆಯ ವಾರ ಅವಳು ನೀಲಿ ಬಟ್ಟೆಯ ಎರಡು ಸುರುಳಿ ಬಿಚ್ಚಿ ನನ್ನನ್ನು ಕರೆದಳು.

"ನೋಡೇ. ಒಂದೇ ಥರ ಇದೆಯಾ?"

"ಇಲ್ಲಮ್ಮ. ಇದು ಸ್ವಲ್ಪ ಹಸಿರಿಗೆ ಹೊಡೀತಿದೆ."

"ಗ್ಯಾರೇಜಿನ ಟ್ಯೂಬ್‌ಲೈಟಲ್ಲಿ ಎರಡೂ ಒಂದೇ ಅನ್ಕೊಂಡಿದ್ದೆ. ಒಂದೇ ರೂಮಿಗೆ ಎರಡನ್ನೂ ಹಾಕ್ತಿದ್ದೆ. ಲಾಡ್ಜಿನ ಮೇಡಂ ನೋಡಿದ ತಕ್ಷಣ ಕಂಡುಹಿಡೀತಿದ್ರು." ಅವಳು ಬಟ್ಟೆಯನ್ನು ಕಿಟಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. "ಇಷ್ಟು ವರ್ಷ ಕಣ್ಮುಚ್ಚಿ ಹೊಲಿದೆ ಅನ್ಸತ್ತೆ."

ಆ ಸುರುಳಿ ಅಂಗಡಿಗೆ ವಾಪಸಾಗಿ ಸರಿಯಾದ ನೀಲಿ ಬಂತು.

ಲಾಡ್ಜಿನ ಮೇಡಂ ಬಟ್ಟೆ ನೋಡಲು ಬಂದಾಗ ಅಪ್ಪ ಸ್ನಾನ ಮಾಡುತ್ತಿದ್ದ. ಬಚ್ಚಲಿನಿಂದ ಮಲಗುವ ಕೋಣೆಗೆ ಹಾಲ್ ದಾಟಿಯೇ ಹೋಗಬೇಕು. ಸೊಂಟಕ್ಕೆ ಟವಲು, ತಲೆಯ ಮೇಲೆ ಸೋಪಿನ ನೊರೆ ಒಂದು ಚೂರು. ಪರದೆ ಸರಿಸಿ ಕಾಲಿಟ್ಟವನಿಗೆ ಎದುರಲ್ಲಿ ಬ್ಯಾಗು ಹಿಡಿದು ನಿಂತಿದ್ದ ಮೇಡಂ ಕಂಡರು. ಅಪ್ಪ ಸಿಕ್ಕಿದ ಪರದೆಯನ್ನು ಎಳೆದು ಕತ್ತಿನವರೆಗೆ ಹೊದ್ದುಕೊಂಡ.

"ನಮಸ್ಕಾರ," ಎಂದರು ಅವರು ಏನೂ ಆಗದವರಂತೆ. "ನೀವು ಟೈಲರಮ್ಮನ ಯಜಮಾನ್ರಾ?"

"ಹೌದು," ಎಂದ ಅಪ್ಪ ಪರದೆಯೊಳಗಿಂದ.

"ಬಟ್ಟೆ ಚೆನ್ನಾಗಿ ಬೀಳತ್ತೆ, ಅಲ್ವಾ? ಸ್ವಲ್ಪ ತಿರುಗಿ ನೋಡೋಣ."

ಅಪ್ಪ ತಿರುಗಿದ. ಅಜ್ಜಿ ಅಡುಗೆಮನೆಯಲ್ಲಿ ಕೆಮ್ಮಿ ಕೆಮ್ಮಿ ಸಾಕಾದಳು.

"ಆ ವ್ಯವಹಾರಕ್ಕೆಲ್ಲ ಒಂದು ಜಾಗ ಬೇಡ್ವಾ?" ಎಂದು ಅಪ್ಪ ಆಮೇಲೆ ಕೂಗಾಡಿದ. ಆದರೆ ಭಾನುವಾರ ಅವನೇ ಏಣಿ ಹತ್ತಿ, ಹಾಲ್‌ನ ಚಾವಣಿಗೆ ರಾಟೆ ಕೂರಿಸಿ, ಹಗ್ಗ ಎಳೆದರೆ ಪರದೆ ಮೇಲಕ್ಕೂ ಕೆಳಕ್ಕೂ ಹೋಗುವಂತೆ ಮಾಡಿಕೊಟ್ಟ. ಟಿವಿ ಕಾಣಲಿ ಎಂಬುದು ಅವನ ಉದ್ದೇಶ. ಅಮ್ಮ ಹಗ್ಗ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದಳು.

"ಎಷ್ಟು ಚೆನ್ನಾಗಿದೆ ರೀ! ಗ್ಯಾರೇಜಲ್ಲಿ ಇಷ್ಟು ಎತ್ತರ ಎಲ್ಲಿತ್ತು?"

ಅಪ್ಪನಿಗೆ ಹೊಗಳಿಕೆ ರುಚಿಸಿತು. ಗ್ಯಾರೇಜಿನ ಮಾತು ಅವನ ಕಿವಿಗೆ ಬಿದ್ದಹಾಗೆ ಕಾಣಲಿಲ್ಲ. ಅಜ್ಜಿ ನನ್ನನ್ನು ನೋಡಿದಳು. ನಾನು ಅಂಚು ಮಡಚಿದೆ.

ಹಾರಾಟದ ಮೈದಾನದವರಿಗೆ ಅಪ್ಪ ಮೊದಲೆಲ್ಲ ನೆನಪಾದಾಗ ಫೋನ್ ಮಾಡುತ್ತಿದ್ದ. ಈಗ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮಾಡತೊಡಗಿದ. "ಸಾರ್, ಮೂಲೆಯಾದ್ರೂ ಪರವಾಗಿಲ್ಲ. ಬಾಗಿಲ ಹತ್ರ ಆದ್ರೂ ಸರಿ." ಅಲ್ಲಿಯ ಕಾವಲುಗಾರನಿಗೆ ಬನ್ನು ಕೊಂಡೊಯ್ದ. ಯಾರೋ ತಮ್ಮ ವಿಮಾನ ಮಾರುತ್ತಾರೆಂದು ತಿಳಿದಾಗ, ಕೊಳ್ಳುವವರನ್ನು ಹುಡುಕಿಕೊಡಲೂ ತಾನೇ ಓಡಾಡಿದ.

"ಹಾರೋದಕ್ಕೆ ಇವನಿಗೆ ಇಷ್ಟು ಅವಸರ ಇದ್ದದ್ದನ್ನ ನಾನು ಯಾವತ್ತೂ ನೋಡಿಲ್ಲ," ಎಂದಳು ಅಜ್ಜಿ.

"ಹಾರೋದಕ್ಕಲ್ಲ ಅತ್ತೆ, ಕೂರೋದಕ್ಕೆ," ಎಂದಳು ಅಮ್ಮ.

ಹೀಗೆ ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಅಪ್ಪನ ಮೂರು ವಾರ ಮೂರು ವಾರಕ್ಕೇ ಮುಗಿಯಿತು. ಮಾವ ಟ್ರೇಲರ್ ತಂದ. ಬಾಲ ಅಡುಗೆಮನೆಯಿಂದ ಹಿಂದಕ್ಕೆ ಸರಿಯಿತು. ಅಜ್ಜಿ ಕೈಬಟ್ಟೆ ಹಿಡಿದು, ಇನ್ನು ಇದನ್ನೆಲ್ಲಿ ಹಾಕಲಿ ಎಂದು ಗೊಣಗಿದಳು. ಬೇಕರಿಯ ತಿರುವಿನಲ್ಲಿ ಬೇಕರಿಯವನು ತಾನೇ ಹೊರಗೆ ಬಂದು ನಿಂತು, "ಆ ಕೂಗೋ ಹುಡುಗಿ ಬಂದಿದಾಳಾ?" ಎಂದು ವಿಚಾರಿಸಿದ. ಮೈದಾನದ ಶೆಡ್ಡಿನಲ್ಲಿ ವಿಮಾನಕ್ಕೆ ಮತ್ತೆ ರೆಕ್ಕೆ ಸೇರಿಸಿದಾಗ ಅದು ಎಷ್ಟು ದೊಡ್ಡದೆಂದು ನನಗೆ ಮೊದಲ ಸಲ ತಿಳಿಯಿತು. ಅಪ್ಪ ಅದರ ಸೀಟಿನಲ್ಲಿ ಕೂತು, ಕೈಕಾಲು ಚಾಚಿ, ಆರಾಮಾಗಿ ಉಸಿರುಬಿಟ್ಟ. ಗುಂಡುಸೂಜಿ ಇಲ್ಲದ ಸೀಟು.

ಅದೇ ವಾರ ಅಮ್ಮನ ಪರದೆಗಳು ಲಾಡ್ಜಿಗೆ ಹೋದವು. ನಾವಿಬ್ಬರೂ ಹೋಗಿ ಒಂದೊಂದು ರೂಮಿನಲ್ಲೂ ನೇತುಹಾಕಿದೆವು. ಮೇಡಂ ಕೊನೆಯ ರೂಮಿನ ಪರದೆಯನ್ನು ಎಳೆದು, ಬಿಟ್ಟು, ಅಂಚು ತಿರುಗಿಸಿ ನೋಡಿ, "ಇನ್ನೊಂದು ಲಾಡ್ಜಿನ ಅಳತೆ ಯಾವಾಗ ತಗೋತೀರಾ?" ಎಂದರು. ಅಮ್ಮ ಕುತ್ತಿಗೆಯ ಟೇಪನ್ನು ಮುಟ್ಟಿಕೊಂಡು, "ನಾಳೇನೇ," ಎಂದಳು. ದಾರಿಯಲ್ಲಿ ಐಸ್‌ಕ್ರೀಂ ಕೊಡಿಸಿದಳು. ಅವಳಿಗೆ ಹಲ್ಲು ಜುಂ ಎನ್ನುತ್ತದೆ, ಆದರೂ ತಿಂದಳು.

ಇತ್ತ ಅಪ್ಪ ಕೆಲಸಕ್ಕೆ ರಜೆ ಹಾಕಿ ಗ್ಯಾರೇಜಿನ ಶಟರ್ ಇಳಿಸಿಕೊಂಡು ಒಳಗೆ ಏನೋ ಮಾಡತೊಡಗಿದ್ದ. ಯಾರನ್ನೂ ಬಿಡಲಿಲ್ಲ. ಬಣ್ಣದ ವಾಸನೆ ಬರುತ್ತಿತ್ತು. ಗೋಡೆಯ ತೂತು ಒಳಗಿನಿಂದ ಮುಚ್ಚಿಹೋಯಿತು. ಮೂರನೆಯ ದಿನ ಸಂಜೆ ನಮ್ಮನ್ನೆಲ್ಲ ಕರೆದು, ಶಟರನ್ನು ಒಂದೇ ಎಳೆತಕ್ಕೆ ಮೇಲೆತ್ತಿದ.

ಗೋಡೆಗೆ ತಿಳಿಹಳದಿ ಬಣ್ಣ. ಎರಡು ಕಡೆ ಹೊಸ ದೀಪ. ಚಾವಣಿಯಲ್ಲಿ ಫ್ಯಾನು. ನೆಲ ತೊಳೆದು ಹೊಳೆಯುತ್ತಿತ್ತು. ಬದಿಯ ಗೋಡೆಯಲ್ಲಿ ಗಾಳಿಗೆಂದು ಹೊಸದೊಂದು ಚಿಕ್ಕ ಕಿಟಕಿ.

"ನಿಂಗೇ," ಎಂದ ಅಪ್ಪ ಅಮ್ಮನಿಗೆ. ಅವನ ಮೂಗಿನ ತುದಿ ಹಳದಿಯಾಗಿತ್ತು. "ಇನ್ಮೇಲೆ ಬೇಸಿಗೇಲಿ ಬೇಯೋದು ಬೇಡ. ಶಟರಿಗೂ ಎಣ್ಣೆ ಹಾಕಿದೀನಿ, ಬಗ್ಗೋದು ಬೇಡ. ಟೇಬಲ್ ಈಗ್ಲೇ ತಂದ್ಬಿಡ್ಲಾ?"

ಅಮ್ಮ ಒಳಗೆ ಹೋದಳು. ಫ್ಯಾನಿನ ಕೆಳಗೆ ನಿಂತಳು. ಕಿಟಕಿ ತೆರೆದು ಮುಚ್ಚಿದಳು. ಗೋಡೆ ಮುಟ್ಟಿ ಬೆರಳು ನೋಡಿಕೊಂಡಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ತುಂಬಾ ಚೆನ್ನಾಗಿ ಮಾಡಿದೀರಾ ರೀ. ಇಷ್ಟು ಚೆನ್ನಾಗಿ ಆಗತ್ತೆ ಅಂತ ಅನ್ಕೊಂಡೇ ಇರ್ಲಿಲ್ಲ."

"ನೋಡಿದ್ಯಾ ಮತ್ತೆ!"

"ಸೋಫಾ ಇಲ್ಲಿಗೆ ತಗೊಂಬನ್ನಿ."

ಅಪ್ಪನ ನಗು ಹಾಗೇ ಇತ್ತು, ಅದರ ಕೆಳಗಿನ ಮುಖ ಬದಲಾಯಿತು. "ಟೇಬಲ್ಲು," ಎಂದು ತಿದ್ದಿದ.

"ಸೋಫಾ. ಟಿವೀನೂ. ಟೇಬಲ್ ಎಲ್ಲಿದೆಯೋ ಅಲ್ಲೇ ಇರತ್ತೆ."

"ಏ, ಏನ್ ಮಾತಾಡ್ತೀಯ? ಅದು ಮನೆ ಹಾಲ್ ಕಣೇ!"

"ಹೌದು. ಮನೇಲೇ ಅತಿ ಒಳ್ಳೆ ಬೆಳಕು ಅಲ್ಲಿರೋದು. ನೀವು ಅಲ್ಲಿ ಏನು ಮಾಡ್ತೀರಿ? ಪರದೆ ಹಾಕ್ಕೊಂಡು ಟಿವಿ ನೋಡ್ತೀರಿ. ಅದಕ್ಕೆ ಬೆಳಕು ಬೇಡ. ನನಗೆ ಬೇಕು."

"ಬಂದವರನ್ನ ಎಲ್ಲಿ ಕೂರಿಸೋದು?"

"ನಿಮ್ಮನ್ನ ನೋಡೋಕೆ ಯಾರು ಬರ್ತಾರೆ ರೀ? ಈಗ ಬರೋರೆಲ್ಲ ನನ್ನ ನೋಡೋಕೇ ಬರೋದು."

ಅಪ್ಪ ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳೇ."

"ಅಮ್ಮ ಹೇಳಿದ್ದು ಸರಿ ಅಪ್ಪಾ," ಎಂದೆ. ಗಟ್ಟಿಯಾಗಿಯೇ ಬಂತು.

"ಇವಳಿಗೆ ದನಿ ಬಂದದ್ದೇ ತಪ್ಪಾಯ್ತು," ಎಂದು ಅಪ್ಪ ಅಜ್ಜಿಯನ್ನು ಹುಡುಕಿದ. ಅಜ್ಜಿ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ತನ್ನ ದಿಂಬನ್ನು ಕಂಕುಳಲ್ಲಿಟ್ಟುಕೊಂಡು, ರಜಾಯಿ ಎಳೆದುಕೊಂಡು ಬಂದಳು. ಗ್ಯಾರೇಜಿನ ನಡುವೆ ನಿಂತು ಚಾವಣಿ ನೋಡಿದಳು.

"ಫ್ಯಾನ್ ಗಾಳಿ ಯಾವ ಕಡೆಗೆ ಜಾಸ್ತಿ ಬೀಸತ್ತೋ? ಸೋಫಾ ಬರೋಕೆ ಮುಂಚೆ ಹೇಳ್ಬಿಡು."

ಅಪ್ಪ ಹೊಸ ಹಳದಿ ಗೋಡೆಗಳನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಅವನಿಗೆ ನಗು ಬಂದುಬಿಟ್ಟಿತು. "ಬಾ," ಎಂದ ನನಗೆ, "ಒಂದು ತುದಿ ನೀನು ಹಿಡಿ. ಸೂಜಿ ಇದೆಯಾ ನೋಡ್ಕೊಂಡು ಹಿಡಿ."

ಈಗ ಸಂಜೆ ಶಟರ್ ಪೂರ್ತಿ ಮೇಲಿರುತ್ತದೆ. ಅಜ್ಜಿ ಸೋಫಾದ ಫ್ಯಾನಿನ ಕಡೆಯ ತುದಿಯಲ್ಲಿ ಕೂತು ಬೀದಿಯನ್ನೇ ನೋಡುತ್ತಾಳೆ. ಟಿವಿಗಿಂತ ಅದೇ ವಾಸಿ ಎನ್ನುತ್ತಾಳೆ. ಪೋಸ್ಟ್‌ಮಾಸ್ಟರ್ ತಮ್ಮ ಕುರ್ಚಿ ತಂದು ಪಕ್ಕದಲ್ಲೇ ಹಾಕಿಕೊಂಡು ವಾರ್ತೆ ಕೇಳಿ ಹೋಗುತ್ತಾರೆ. ಅಪ್ಪ ಭಾನುವಾರ ಮೈದಾನಕ್ಕೆ ಹೋಗುತ್ತಾನೆ, ಉಳಿದ ದಿನ ಇಲ್ಲಿ.

ನಿನ್ನೆ ನಾವು ಇಲ್ಲೇ ಊಟಕ್ಕೆ ಕೂತಿದ್ದಾಗ ಹೊಸಬಳೊಬ್ಬಳು ಬಟ್ಟೆಯ ಚೀಲ ಹಿಡಿದು ಗ್ಯಾರೇಜಿನ ಮುಂದೆ ಬಂದು ನಿಂತು, ಸೋಫಾ, ತಟ್ಟೆ, ಅಜ್ಜಿ ಎಲ್ಲವನ್ನೂ ನೋಡಿ ಗಲಿಬಿಲಿಗೊಂಡಳು. "ಟೈಲರ್ ಅಂಗಡಿ ಇದೇನಾ?"

ಅಪ್ಪ ಬಾಯಿಯ ತುತ್ತು ನುಂಗಿ ಎದ್ದು ನಿಂತ.

"ಅಂಗಡಿ ಆ ಕಡೆ ಮೇಡಂ, ಮುಂಬಾಗಿಲಲ್ಲಿ," ಎಂದ. "ಇದು ಮನೆ."